ಜೀನುಗಳ ಲೆಕ್ಕ ಓದುವ ಕಂಪ್ಯೂಟರ್

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದರೂ ಕಣ್ಣಿನ ಕೋಶ ಒಂದು ಕೆಲಸ ಮಾಡುತ್ತದೆ, ಯಕೃತ್ತಿನ ಕೋಶ ಇನ್ನೊಂದು. ಇದು ಹೇಗೆ?

ಬ್ಯಾಂಕಿನ ಲೆಡ್ಜರಿನಲ್ಲಿ ಸಾವಿರಾರು ಖಾತೆಗಳಿದ್ದರೂ ದಿನವೂ ವ್ಯವಹಾರ ನಡೆಯುವುದು ಕೆಲವರಲ್ಲಿ ಮಾತ್ರ. ಜೀನುಗಳೂ ಹಾಗೆಯೇ. ಕೆಲವು ಚುರುಕಾಗಿರುತ್ತವೆ, ಕೆಲವು ಮಲಗಿರುತ್ತವೆ. ಚುರುಕಾದ ಜೀನು ಆರ್‌ಎನ್‌ಎ ಎಂಬ ಚೀಟಿಗಳನ್ನು ಬರೆದು ಕಳಿಸುತ್ತದೆ. ಆ ಚೀಟಿಗಳನ್ನು ಎಣಿಸಿದರೆ ಯಾವ ಜೀನು ಎಷ್ಟು ದುಡಿಯುತ್ತಿದೆ ಎಂಬುದು ತಿಳಿಯುತ್ತದೆ. ಇದೇ ಜೀನ್ ಅಭಿವ್ಯಕ್ತಿ. ಕ್ಯಾನ್ಸರ್ ಕೋಶಗಳಲ್ಲಿ ಈ ಲೆಕ್ಕ ಏರುಪೇರಾಗಿರುತ್ತದೆ.

ಜೀರಿಗೆ ಯಾವುದು, ಸೋಂಪು ಯಾವುದು ಎಂದು ಅಮ್ಮ ನಾಲ್ಕಾರು ಸಲ ತೋರಿಸಿದರೆ ಮಕ್ಕಳು ಮುಂದೆ ತಾವೇ ಗುರುತಿಸುತ್ತಾರೆ. ಕಂಪ್ಯೂಟರಿಗೂ ಹೀಗೆಯೇ ಉದಾಹರಣೆ ತೋರಿಸಿ ಕಲಿಸುವುದಕ್ಕೆ ಯಂತ್ರಕಲಿಕೆ ಎನ್ನುತ್ತಾರೆ.

ತೀವ್ರ ರೂಪದ ರಕ್ತ ಕ್ಯಾನ್ಸರಿನಲ್ಲಿ ಲಿಂಫೋಬ್ಲಾಸ್ಟಿಕ್ ಮತ್ತು ಮೈಲಾಯ್ಡ್ ಎಂಬ ಎರಡು ಮುಖ್ಯ ಬಗೆಗಳಿವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ನೋಟದಲ್ಲಿ ಹೋಲಿಕೆಯಿದ್ದರೂ ಎರಡಕ್ಕೂ ಔಷಧಿ ಬೇರೆ ಬೇರೆ. ಬಗೆ ತಪ್ಪಿದರೆ ಗುಣವಾಗುವ ಅವಕಾಶವೇ ಕುಗ್ಗುತ್ತದೆ. 1999ರಲ್ಲಿ ಅಮೆರಿಕದ ಟಾಡ್ ಗೋಲಬ್, ಎರಿಕ್ ಲ್ಯಾಂಡರ್ ಮತ್ತು ಸಂಗಡಿಗರು 38 ರೋಗಿಗಳ ಅಸ್ಥಿಮಜ್ಜೆಯಲ್ಲಿ 6,817 ಜೀನುಗಳ ಚಟುವಟಿಕೆಯನ್ನು ಅಳೆದರು. ಅವುಗಳಲ್ಲಿ 50 ಜೀನುಗಳನ್ನು ಆರಿಸಿಕೊಂಡು, ಬಗೆ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿದರು. ಬಳಿಕ 34 ಹೊಸ ಮಾದರಿಗಳನ್ನು ಅದರ ಮುಂದಿಟ್ಟರು. 29ಕ್ಕೆ ಅದು ಖಚಿತ ಉತ್ತರ ಕೊಟ್ಟಿತು, ಎಲ್ಲವೂ ಸರಿ! ಉಳಿದ 5ಕ್ಕೆ ಖಚಿತವಾಗಿ ಹೇಳಲಿಲ್ಲ. ಸಹಿಯಲ್ಲಿ ಅನುಮಾನ ಬಂದರೆ ಚೆಕ್ಕನ್ನು ಪಾಸು ಮಾಡದೆ ಮೇಲಧಿಕಾರಿಗೆ ಕಳಿಸುವ ಗುಮಾಸ್ತನಂತೆ.

ಹಾಗಾದರೆ ಲಕ್ಷಣ ಕಾಣುವ ಮೊದಲೇ ಕ್ಯಾನ್ಸರ್ ಪತ್ತೆ ಮಾಡಬಹುದೇ? ವಿಜ್ಞಾನಿಗಳು ಆ ದಿಕ್ಕಿನಲ್ಲಿ ದುಡಿಯುತ್ತಿದ್ದಾರೆ. ಆದರೆ ತೊಡಕುಗಳಿವೆ. ರೋಗಿಗಳು ಕೆಲವರು, ಜೀನುಗಳು ಸಾವಿರಾರು. ಇಂಥಲ್ಲಿ ಕಂಪ್ಯೂಟರ್ ಬಾಯಿಪಾಠದ ಹುಡುಗನಂತಾಗಿ, ಪ್ರಶ್ನೆ ಬದಲಾದರೆ ತಪ್ಪಬಹುದು. ಅದಕ್ಕೇ ಮೊದಲು ತೋರಿಸದ ಮಾದರಿಗಳಲ್ಲೇ ಅದರ ಪರೀಕ್ಷೆ ನಡೆಯಬೇಕು.

ಇನ್ನೊಂದು ಸಣ್ಣ ಲೆಕ್ಕ ಮಾಡೋಣ. ಸಾವಿರ ಜನರಲ್ಲಿ 5 ಮಂದಿಗೆ ರೋಗವಿದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ನೂರಕ್ಕೆ 95 ಸಲ ಸರಿ ಹೇಳುತ್ತದೆ. ಆ ಐವರು ಬಹುಶಃ ಸಿಕ್ಕಿಬಿಡುತ್ತಾರೆ. ಆದರೆ ಆರೋಗ್ಯವಂತರಾದ 995 ಜನರಲ್ಲಿ ಸುಮಾರು 50 ಮಂದಿಗೂ 'ರೋಗವಿದೆ' ಎಂಬ ಫಲಿತಾಂಶ ಬರುತ್ತದೆ! ಅವರ ಮನೆಯವರ ನಿದ್ದೆಗೆಡಿಸುವ ಮುನ್ನ ಮತ್ತೊಂದು ಪರೀಕ್ಷೆ ಬೇಕೇ ಬೇಕು.

ಆದ್ದರಿಂದ ಒಂದೇ ವರದಿ ನೋಡಿ ಎದೆಗುಂದಬೇಡಿ, ಹಾಗೆಂದು ಅಸಡ್ಡೆಯೂ ಬೇಡ. ವಾಸಿಯಾಗದ ಬಾಯಿಹುಣ್ಣು, ಹೊಸ ಗಂಟು, ಕಾರಣವಿಲ್ಲದ ರಕ್ತಸ್ರಾವ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಯಂತ್ರ ಎಷ್ಟೇ ಜಾಣನಾದರೂ, ಆಸ್ಪತ್ರೆಯ ಬಾಗಿಲಿಗೆ ನಡೆದು ಹೋಗಬೇಕಾದವರು ನಾವೇ.