ಹಳೆ ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪ್ ಎಫೆಕ್ಟ್ಸ್: ಯಾವುದನ್ನು ಇಡಬೇಕು, ಯಾವುದನ್ನು ತೆಗೀಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಇಂಟೆಲ್‌ದಾದರೆ ಹೆಚ್ಚುಕಮ್ಮಿ 8ನೇ ಜನರೇಶನ್ ಆಗಿರಬೇಕು. ಅಣ್ಣನಿಂದಲೋ ಅಕ್ಕನಿಂದಲೋ ಬಂದ ಸೆಕೆಂಡ್ ಜನರೇಶನ್ ಐ3, ಐ5 ಇಟ್ಟುಕೊಂಡವರು ಲಿನಕ್ಸ್ ಹಾಕ್ತಾರೆ. ಹಾಕಿದ ಕೂಡಲೇ ಯಾರಾದರೂ ಹೇಳ್ತಾರೆ: "ಎಫೆಕ್ಟ್ಸ್ ಎಲ್ಲ ಆಫ್ ಮಾಡು ಮಾರಾಯ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ."

ಈ ಸಲಹೆ ಅರ್ಧ ಮಾತ್ರ ಸರಿ. ಕೆಲವು ಎಫೆಕ್ಟ್ ನಿಜವಾಗಿಯೂ ಭಾರ. ಕೆಲವು ನೋಡ್ಲಿಕ್ಕೆ ಮಾತ್ರ ಭಾರ.

ಕಂಪಾಸಿಟರ್ ಏನು ಮಾಡ್ತದೆ?

ಹಿಂದೆ ಎಲ್ಲ ವಿಂಡೋಗಳೂ ನೇರವಾಗಿ ಒಂದೇ ಸ್ಕ್ರೀನಿನ ಮೇಲೆ ಚಿತ್ರ ಬರೀತಿದ್ದವು. ಮೇಲಿನ ವಿಂಡೋ ಎಳೆದರೆ ಕೆಳಗಿನದ್ದು ತನ್ನ ಭಾಗವನ್ನು ಪುನಃ ಬರೀಬೇಕಿತ್ತು. ಹಾಗಾಗಿ ಎಳೆದ ದಾರಿಯಲ್ಲಿ ಕಲೆ ಉಳಿದಂತೆ ಕಾಣ್ತಿತ್ತು.

ಕಂಪಾಸಿಟರ್ ಇದ್ದರೆ ಪ್ರತಿ ವಿಂಡೋಗೂ ಮೆಮೊರಿಯಲ್ಲಿ ಬೇರೆ ಬೇರೆ ಹಾಳೆ ಉಂಟು. ಆ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಅಂತಿಮ ಚಿತ್ರ ಮಾಡುವ ಕೆಲಸ ಜಿಪಿಯುದು. ವಿಂಡೋ ಸರಿಸಿದರೆ ಆ್ಯಪ್ ಏನೂ ಪುನಃ ಬರೀಬೇಕಾಗಿಲ್ಲ. ಸ್ಕ್ರೀನಿನಲ್ಲಿ ಏನೂ ಬದಲಾಗದಿದ್ದರೆ ಕಂಪಾಸಿಟರ್ ಕೂಡ ಸುಮ್ಮನೆ ಕೂತಿರ್ತದೆ. ವೇಲ್ಯಾಂಡ್‌ನಲ್ಲಂತೂ ಕಂಪಾಸಿಟರ್ ಇಲ್ಲದೆ ಡೆಸ್ಕ್‌ಟಾಪೇ ಇಲ್ಲ. ಹಾಗಾಗಿ ಈಗಿನ ಪ್ರಶ್ನೆ "ಆನ್ ಮಾಡೋದಾ, ಆಫ್ ಮಾಡೋದಾ" ಅಂತಲ್ಲ, "ಯಾವ ಎಫೆಕ್ಟ್" ಅಂತ.

2006ರಲ್ಲೇ ಓಡಿತ್ತು

ಲಿನಕ್ಸ್‌ನಲ್ಲಿ ಇದನ್ನು ಫೇಮಸ್ ಮಾಡಿದ್ದು 2006ರಲ್ಲಿ ಬಂದ ಕಾಂಪಿಜ್. ತಿರುಗುವ ಕ್ಯೂಬ್, ಜೆಲ್ಲಿ ಥರ ಅಲುಗಾಡುವ ವಿಂಡೋ ಎಲ್ಲ ಅದರಲ್ಲಿದ್ದವು. ಆಗಿನ ಇಂಟೆಲ್ ಜಿಎಂಎ 950ರಲ್ಲೂ ಅವು ಓಡ್ತಿದ್ದವು.

ಅಲ್ಲಿದ್ದ ನಿಜವಾದ ತೊಂದರೆ ಬೇರೆ. ಜಿಎಂಎ 950 ಒಂದು ಟೆಕ್ಸ್‌ಚರ್‌ನಲ್ಲಿ 2048×2048 ಪಿಕ್ಸೆಲ್‌ಗಿಂತ ಹೆಚ್ಚು ಹಿಡಿಯೋದಿಲ್ಲ. ಎರಡು ಮಾನಿಟರ್ ಸೇರಿಸಿದರೆ ಅವೆರಡೂ ಒಂದೇ ದೊಡ್ಡ ಚಿತ್ರ ಅಂತ ಲೆಕ್ಕ. 1280 ಅಗಲದ್ದರ ಪಕ್ಕ 1024ರದ್ದನ್ನು ಇಟ್ಟರೆ 2304, ಅಂದರೆ ಎಫೆಕ್ಟ್ಸ್ ಬಂದ್. ಅದೇ ಎರಡನ್ನು ಒಂದರ ಮೇಲೊಂದು ಇದ್ದಂತೆ ಸೆಟ್ ಮಾಡಿದರೆ ಎತ್ತರ 1024 + 768 = 1792, ಲಿಮಿಟ್ ಒಳಗೇ! ಸೆಕೆಂಡ್ ಜನರೇಶನ್‌ನ ಎಚ್‌ಡಿ 3000ಕ್ಕೆ (2011) ಬರುವಾಗ ಈ ತಲೆಬಿಸಿ ಇರಲಿಲ್ಲ.

ಘಾಟಿ ರಸ್ತೆಯ ಲೆಕ್ಕ

ಇಂಟಿಗ್ರೇಟೆಡ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಸಿಪಿಯು ಬಳಸುವ ರ‍್ಯಾಮೇ ಅದಕ್ಕೂ. ಚಾರ್ಮಾಡಿ ಘಾಟಿ ನೆನಪು ಮಾಡಿಕೊಳ್ಳಿ. ಗಾಡಿಯ ಎಂಜಿನ್ ಎಷ್ಟೇ ಜೋರಿದ್ದರೂ ತಿರುವಿನಲ್ಲಿ ಎದುರಿಂದ ಬಸ್ಸು ಬಂದರೆ ನಿಲ್ಲಲೇಬೇಕು. ಇಲ್ಲಿಯೂ ಸಮಸ್ಯೆ ಎಂಜಿನ್‌ದಲ್ಲ, ರಸ್ತೆಯದ್ದು. ಆ ರಸ್ತೆಗೇ ಮೆಮೊರಿ ಬ್ಯಾಂಡ್‌ವಿಡ್ತ್ ಅನ್ನುವುದು.

1366×768 ಸ್ಕ್ರೀನಿನ ಒಂದು ಫ್ರೇಮ್, ಪಿಕ್ಸೆಲ್‌ಗೆ 4 ಬೈಟ್ ಅಂದರೆ ಸುಮಾರು 4.2 ಎಂಬಿ. ಸೆಕೆಂಡಿಗೆ 60 ಸಲ ಬರೆದರೆ ಸುಮಾರು 252 ಎಂಬಿ. ವಿಂಡೋಗಳನ್ನು ಓದೋದು, ಸ್ಕ್ರೀನಿಗೆ ಕಳಿಸೋದು ಸೇರಿಸಿ ಇದರ ನಾಲ್ಕು ಪಟ್ಟು ಅಂತ ಹಿಡಿದರೂ ಸೆಕೆಂಡಿಗೆ 1 ಜಿಬಿ. ಡಿಡಿಆರ್3-1333ರ ಒಂದು ಸ್ಟಿಕ್ ಲೆಕ್ಕದ ಪ್ರಕಾರ ಸೆಕೆಂಡಿಗೆ 10.6 ಜಿಬಿ ಕೊಡ್ತದೆ. ಅಂದರೆ ಮಾಮೂಲಿ ಕಂಪಾಸಿಟಿಂಗ್ ಭಾರವೇ ಅಲ್ಲ.

ವಾಬ್ಲಿ ವಿಂಡೋಸ್, ಕ್ಯೂಬ್, ನೆರಳು, ಮಿನಿಮೈಸ್ ಆ್ಯನಿಮೇಶನ್ ಎಲ್ಲ ಇದೇ ಜಾತಿ. ಇದ್ದ ಹಾಳೆಯನ್ನೇ ಬಗ್ಗಿಸಿ ಅಂಟಿಸುವುದು ಅಷ್ಟೇ. ಆದರೆ ಬ್ಲರ್ ಹಾಗಲ್ಲ. ಒಂದು ಪಿಕ್ಸೆಲ್ ಮಸುಕು ಮಾಡ್ಲಿಕ್ಕೆ ಸುತ್ತಲಿನ ಎಷ್ಟೋ ಪಿಕ್ಸೆಲ್ ಓದಿ ಸರಾಸರಿ ತೆಗೀಬೇಕು, ಅದೂ ಹಲವು ಸುತ್ತು. ಪಾರದರ್ಶಕ ಟರ್ಮಿನಲ್‌ನ ಹಿಂದೆ ವಿಡಿಯೋ ಓಡ್ತಿದ್ದರೆ ಪ್ರತಿ ಫ್ರೇಮ್‌ಗೂ ಇದೇ ಕೆಲಸ. ಫ್ಯಾನ್ ಕೂಗೋದು ಆಗಲೇ.

ಏನು ಮಾಡಬೇಕು?

ಮೊದಲು ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಕಮಾಂಡ್ ಹಾಕಿ ರೆಂಡರರ್ ಸಾಲು ನೋಡಿ. ಅಲ್ಲಿ ಇಂಟೆಲ್ ಹೆಸರಿನ ಬದಲು ಎಲ್‌ಎಲ್‌ವಿಎಂಪೈಪ್ ಅಂತ ಬಂದರೆ ಜಿಪಿಯು ಕೆಲಸವೇ ಮಾಡ್ತಿಲ್ಲ, ಎಲ್ಲ ಸಿಪಿಯು ತಲೆ ಮೇಲೆ. ಮೊದಲು ಡ್ರೈವರ್ ಸರಿ ಮಾಡಿ, ಎಫೆಕ್ಟ್ಸ್ ಆಮೇಲೆ.

ಎರಡನೆಯದು, ಕೆಡಿಇ ಪ್ಲಾಸ್ಮಾ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಎಫೆಕ್ಟ್ಸ್‌ಗೆ ಹೋಗಿ ಬ್ಲರ್ ಮತ್ತು ಬ್ಯಾಕ್‌ಗ್ರೌಂಡ್ ಕಾಂಟ್ರಾಸ್ಟ್ ಟಿಕ್ ತೆಗೀರಿ. ಉಳಿದದ್ದು ಇರಲಿ. ವಾಬ್ಲಿ ಬೇಕಿದ್ದರೆ ಧೈರ್ಯವಾಗಿ ಹಾಕಿ. ಒಂದೊಂದೇ ಎಫೆಕ್ಟ್ ಆನ್ ಮಾಡಿ, ಅರ್ಧ ದಿನ ಬಳಸಿ, ಆಮೇಲೆ ಮುಂದಿನದ್ದು. ಎಲ್ಲ ಒಟ್ಟಿಗೆ ಹಾಕಿದರೆ ಕಳ್ಳ ಯಾರು ಅಂತ ಗೊತ್ತಾಗೋದಿಲ್ಲ.

ಮೂರನೆಯದು, ಒಂದೇ ರ‍್ಯಾಮ್ ಸ್ಟಿಕ್ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಅಷ್ಟೇ ಸೈಜಿನದ್ದು ಇನ್ನೊಂದು ಹಾಕಿಸಿ. ಡ್ಯುಯಲ್ ಚಾನೆಲ್ ಆದರೆ 10.6 ಹೋಗಿ 21.3 ಜಿಬಿ, ಘಾಟಿ ರಸ್ತೆ ಡಬಲ್ ಅಗಲ ಆದ ಹಾಗೆ. ತಗೊಳ್ಳುವ ಮೊದಲು ಹಳೆ ಸ್ಟಿಕ್ ಮೇಲೆ ಬರೆದದ್ದು ಓದಿ, ಪಿಸಿ3 ಮತ್ತು ಪಿಸಿ3ಎಲ್‌ನ ವೋಲ್ಟೇಜ್ ಬೇರೆ ಬೇರೆ.

ಜಿಎಂಎ 950 ಕಾಲದ ಲ್ಯಾಪ್‌ಟಾಪ್ ಇದ್ದವರು ಪ್ಲಾಸ್ಮಾ ಬಿಟ್ಟು ಎಕ್ಸ್‌ಎಫ್‌ಸಿಇ ನೋಡುವುದು ಒಳ್ಳೇದು.

ಹೊಸ ಲ್ಯಾಪ್‌ಟಾಪಿಗೆ ಮನೆಯಲ್ಲಿ ದುಡ್ಡು ಕೇಳುವ ಮೊದಲು ಇಷ್ಟು ಮಾಡಿ ನೋಡಿ. ಒಂದು ಟಿಕ್ ತೆಗೀಲಿಕ್ಕೆ ಖರ್ಚೇ ಇಲ್ಲ, ಒಂದು ರ‍್ಯಾಮ್ ಸ್ಟಿಕ್ ಹೊಸ ಲ್ಯಾಪ್‌ಟಾಪಿನ ಹತ್ತಿರಕ್ಕೂ ಬರೋದಿಲ್ಲ.