ಕರುಳಿನ ಹುಣ್ಣು: ಮುಚ್ಚಿಡಬೇಡಿ, ಮದ್ದು ಬಿಡಬೇಡಿ

ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇವೆ, ಕೇಳಿ. ಕಥೆಯಲ್ಲಿ ಅವಳಿಗೊಂದು ಹೆಸರು ಬೇಕಲ್ಲ? ಗಿರಿಜಮ್ಮ ಎಂದು ಕರೆಯೋಣ. ಇಂಥ ಗಿರಿಜಮ್ಮ ನಿಮ್ಮ ಊರಲ್ಲೂ ಇರಬಹುದು.

ಗಿರಿಜಮ್ಮನಿಗೆ 30 ವರ್ಷ. ಇಬ್ಬರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತಾರೆ. ಮೂರು ತಿಂಗಳಿಂದ ಅವಳಿಗೆ ಭೇದಿ. ದಿನಕ್ಕೆ ಆರೇಳು ಸಲ ಪಾಯಿಖಾನೆಗೆ ಹೋಗಬೇಕು. ರಾತ್ರಿಯೂ ಎದ್ದು ಓಡಬೇಕು. ಮಲದ ಜೊತೆ ಲೋಳೆ ಹೋಗುತ್ತದೆ. ರಕ್ತವೂ ಹೋಗುತ್ತದೆ.

ಇದನ್ನು ಯಾರಿಗೆ ಹೇಳುವುದು? ಹೇಳಲು ನಾಚಿಕೆ. "ಉಷ್ಣ ಆಗಿರಬೇಕು" ಅಂದುಕೊಂಡಳು. ಮಜ್ಜಿಗೆ ಕುಡಿದಳು. "ಮೂಲವ್ಯಾಧಿ ಇರಬೇಕು" ಅಂದರು ಅತ್ತೆ. ನಾಟಿ ಮದ್ದು ತಿಂದಳು. ಅಂಗಡಿಯಿಂದ ಭೇದಿ ನಿಲ್ಲುವ ಗುಳಿಗೆ ತಂದಳು. ಎರಡು ದಿನ ನಿಂತಿತು. ಮತ್ತೆ ಶುರುವಾಯಿತು.

ಕೊನೆಗೆ ಊಟವನ್ನೇ ಬಿಟ್ಟಳು. ತಿಂದರೆ ತಾನೇ ಹೋಗೋದು? ಬರೀ ಗಂಜಿ ತಿಳಿ ಕುಡಿದಳು. ಮೈ ಇಳಿಯಿತು. ರವಿಕೆ ಸಡಿಲವಾಯಿತು. ಮುಖ ಬಿಳಿಚಿತು. ಒಂದು ದಿನ ಕಳೆ ಕೀಳುತ್ತಿದ್ದಾಗ ಹೊಲದಲ್ಲೇ ತಲೆ ಸುತ್ತಿ ಬಿದ್ದಳು.

ಸುದ್ದಿ ತಿಳಿದು ಆಶಾ ಕಾರ್ಯಕರ್ತೆ ಓಡಿ ಬಂದಳು. ಮೆಲ್ಲಗೆ ಒಂದೊಂದೇ ಕೇಳಿದಳು. ಆಗ ಗಿರಿಜಮ್ಮ ಬಾಯಿ ಬಿಟ್ಟಳು.

"ಅಯ್ಯೋ ಗಿರಿಜಕ್ಕ, ಮೂರು ತಿಂಗಳು ರಕ್ತ ಹೋದ್ರೂ ಸುಮ್ನಿದ್ಯಾ? ನಡಿ ಆಸ್ಪತ್ರೆಗೆ" ಅಂದಳು.

ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಮಲ ಪರೀಕ್ಷೆ ಮಾಡಿದರು. ಮೈಯಲ್ಲಿ ರಕ್ತ ಬಹಳ ಕಡಿಮೆ ಇತ್ತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತುದಿಯಲ್ಲಿ ಸಣ್ಣ ಕ್ಯಾಮೆರಾ ಇರುವ ಕೊಳವೆಯನ್ನು ಮಲದ್ವಾರದಿಂದ ಒಳಗೆ ಬಿಟ್ಟು ಕರುಳನ್ನು ನೋಡಿದರು. ಕರುಳಿನ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

ಡಾಕ್ಟರಮ್ಮ ಹೇಳಿದರು: "ನೋಡಮ್ಮ, ನಿನ್ನ ದೊಡ್ಡ ಕರುಳಿನ ಒಳಗೋಡೆ ಕೆಂಪಾಗಿ ಊದಿದೆ. ಹುಣ್ಣಾಗಿದೆ. ರಕ್ತ ಬರ್ತಿರೋದು ಅಲ್ಲಿಂದ."

"ಹುಣ್ಣು ಯಾಕಾಯ್ತು ಡಾಕ್ಟರಮ್ಮ? ನಾನೇನು ಪಾಪ ಮಾಡಿದ್ದೆ?" ಗಿರಿಜಮ್ಮ ಅತ್ತಳು.

"ಪಾಪವೂ ಇಲ್ಲ, ಶಾಪವೂ ಇಲ್ಲ. ಹೇಳ್ತೀನಿ ಕೇಳು" ಅಂದರು ಡಾಕ್ಟರಮ್ಮ. ಅವರು ಹೇಳಿದ್ದನ್ನು ನಾವೂ ತಿಳಿಯೋಣ.

ಹೊಟ್ಟೆಯೊಳಗೆ ಒಂದು ಊರು

ನಾವು ತಿಂದ ಅನ್ನ ಮೊದಲು ಜಠರಕ್ಕೆ ಹೋಗುತ್ತದೆ. ಅಲ್ಲಿಂದ ಸಣ್ಣ ಕರುಳಿಗೆ ಇಳಿಯುತ್ತದೆ. ಸಣ್ಣ ಕರುಳು ಸುಮಾರು 20 ಅಡಿ ಉದ್ದ. ಅನ್ನದ ಸಾರ ಅಲ್ಲಿ ರಕ್ತಕ್ಕೆ ಸೇರುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಅದು ಸುಮಾರು 5 ಅಡಿ ಉದ್ದ. ಅಲ್ಲಿ ನೀರು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ.

ಈ ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ವಾಸ ಮಾಡುತ್ತವೆ. ಇವೇ ಸೂಕ್ಷ್ಮಜೀವಿಗಳು. ಎಷ್ಟಿವೆ ಗೊತ್ತೆ? ವಿಜ್ಞಾನಿಗಳು 2016ರಲ್ಲಿ ಒಂದು ಲೆಕ್ಕ ಹಾಕಿದರು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಇವೆಯಂತೆ. ಅದರಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲೇ ಇವೆ.

ಹೆದರಬೇಡಿ. ಎಲ್ಲ ಸೂಕ್ಷ್ಮಜೀವಿಗಳೂ ರೋಗ ತರುವುದಿಲ್ಲ. ಹಾಲಿಗೆ ಹೆಪ್ಪು ಹಾಕುತ್ತೀರಿ. ಬೆಳಗಾಗುವುದರಲ್ಲಿ ಮೊಸರಾಗುತ್ತದೆ. ಯಾರು ಮಾಡಿದ್ದು? ಸೂಕ್ಷ್ಮಜೀವಿಗಳು. ರುಬ್ಬಿದ ಇಡ್ಲಿ ಹಿಟ್ಟು ರಾತ್ರಿ ಕಳೆದರೆ ಉಬ್ಬುತ್ತದೆ. ಅದೂ ಅವುಗಳದೇ ಕೆಲಸ. ಹಾಗೆಯೇ ನಮ್ಮ ಕರುಳಿನಲ್ಲೂ ಅವು ದುಡಿಯುತ್ತವೆ.

ಅವಕ್ಕೂ ಊಟ ಬೇಕು

ರಾಗಿ, ಜೋಳ, ಕಾಳು, ಸೊಪ್ಪು, ತರಕಾರಿಯಲ್ಲಿ ನಾರು ಇರುತ್ತದೆ. ನಾರು ನಮಗೆ ಜೀರ್ಣವಾಗುವುದಿಲ್ಲ. ಆದರೆ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಅವು ನಾರನ್ನು ಕೊಳೆಯಿಸಿ ಒಂದು ಸತ್ವವನ್ನು ಮಾಡುತ್ತವೆ. ಅದಕ್ಕೆ ಬ್ಯುಟಿರೇಟ್ ಎಂದು ಹೆಸರು. ನಮ್ಮ ದೊಡ್ಡ ಕರುಳಿನ ಗೋಡೆಗೆ ಈ ಸತ್ವವೇ ಮುಖ್ಯ ಆಹಾರ. ನಾವು ಅವಕ್ಕೆ ಊಟ ಕೊಟ್ಟರೆ ಅವು ನಮ್ಮ ಕರುಳಿಗೆ ಊಟ ಕೊಡುತ್ತವೆ. ಇದು ಕೊಟ್ಟು ತಗೊಳ್ಳುವ ಬಾಳು.

ಕರುಳಿನ ಒಳಗೋಡೆಯ ಮೇಲೆ ಲೋಳೆಯ ಒಂದು ಪದರ ಇದೆ. ಮಣ್ಣಿನ ಗೋಡೆಗೆ ನಾವು ಸಗಣಿ ಸಾರಿಸುತ್ತೇವಲ್ಲ, ಹಾಗೆ. ಸೂಕ್ಷ್ಮಜೀವಿಗಳು ಗೋಡೆಗೆ ತಾಗದಂತೆ ಅದು ತಡೆಯುತ್ತದೆ. ವಿಜ್ಞಾನಿಗಳು ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟು ನೋಡಿದರು. ಆಗ ಸೂಕ್ಷ್ಮಜೀವಿಗಳು ಹಸಿದು ಆ ಲೋಳೆಯನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು.

ಕಾವಲು ನಾಯಿ ಮನೆಯವರನ್ನೇ ಕಚ್ಚಿದರೆ?

ನಮ್ಮ ಮೈಯಲ್ಲಿ ಕಾವಲು ಕಾಯುವ ಕಣಗಳಿವೆ. ರೋಗದ ಕ್ರಿಮಿ ಬಂದರೆ ಅವು ಹೊಡೆದು ಓಡಿಸುತ್ತವೆ. ಇದನ್ನೇ ರೋಗನಿರೋಧಕ ಶಕ್ತಿ ಎನ್ನುತ್ತಾರೆ. ಈ ಕಾವಲು ಕಣಗಳು ಕರುಳಿನ ಸುತ್ತ ಬಹಳ ಇವೆ. ಯಾಕೆಂದರೆ ಹೊರಗಿನ ವಸ್ತು ಹೆಚ್ಚಾಗಿ ಒಳಗೆ ಬರುವುದು ಬಾಯಿಂದಲೇ ತಾನೇ?

ಮನೆಯ ನಾಯಿಯನ್ನು ನೋಡಿ. ಕಳ್ಳ ಬಂದರೆ ಬೊಗಳುತ್ತದೆ. ಮನೆಯವರನ್ನು ಕಂಡರೆ ಸುಮ್ಮನಿರುತ್ತದೆ. ಮರಿಯಿದ್ದಾಗಲೇ ಅದು ನಮ್ಮವರು ಯಾರು ಎಂದು ಕಲಿತಿರುತ್ತದೆ. ಕಾವಲು ಕಣಗಳೂ ಹಾಗೇ. ಮಗು ಹುಟ್ಟಿದಾಗಿನಿಂದ ಅವು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳ ಗುರುತು ಹಿಡಿಯುತ್ತವೆ. ತಾಯಿಯ ಎದೆಹಾಲು ಆ ಒಳ್ಳೆಯ ಜೀವಿಗಳನ್ನು ಬೆಳೆಸುತ್ತದೆ.

ಈ ರೋಗದಲ್ಲಿ ಆಗುವುದೇನು? ಕಾವಲು ನಾಯಿಗೆ ಗುರುತು ತಪ್ಪುತ್ತದೆ. ಕರುಳಿನಲ್ಲಿ ಸುಮ್ಮನಿದ್ದ ಸೂಕ್ಷ್ಮಜೀವಿಗಳ ಮೇಲೆ ಅದು ಎರಗುತ್ತದೆ. ಕಿತ್ತಾಟ ನಿಲ್ಲುವುದೇ ಇಲ್ಲ. ಪೆಟ್ಟು ಬೀಳುವುದು ಮನೆಯ ಗೋಡೆಗೆ. ಕರುಳಿನ ಗೋಡೆ ಊದುತ್ತದೆ, ಕೆಂಪಾಗುತ್ತದೆ, ಹುಣ್ಣಾಗುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳೂ ಕಡಿಮೆಯಾಗುತ್ತವೆ.

ಈ ರೋಗದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ದೊಡ್ಡ ಕರುಳಿನಲ್ಲಿ ಮಾತ್ರ ಹುಣ್ಣಾಗುವುದು. ಇದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಗಿರಿಜಮ್ಮನಿಗೆ ಇರುವುದು ಇದೇ. ಇನ್ನೊಂದು, ಬಾಯಿಂದ ಮಲದ್ವಾರದವರೆಗೆ ಎಲ್ಲಿ ಬೇಕಾದರೂ ಆಗಬಹುದು. ಅಮೆರಿಕದ ಡಾಕ್ಟರ್ ಕ್ರೋನ್ ಮತ್ತು ಅವರ ಜೊತೆಗಾರರು 1932ರಲ್ಲಿ ಇದರ ಬಗ್ಗೆ ಬರೆದರು. ಅದಕ್ಕೇ ಇದನ್ನು ಕ್ರೋನ್ಸ್ ಕಾಯಿಲೆ ಎನ್ನುತ್ತಾರೆ.

ಯಾಕೆ ಬರುತ್ತದೆ?

ಇದಕ್ಕೆ ಒಂದೇ ಕಾರಣ ಇಲ್ಲ. ಹಲವು ಸೇರಿ ಬರುತ್ತದೆ. ಕೆಲವರಿಗೆ ವಂಶದಿಂದ ಅದರ ಒಲವು ಬಂದಿರುತ್ತದೆ. ನಾರು ಕಡಿಮೆಯಾಗಿ ಪೊಟ್ಟಣದ ತಿಂಡಿ ಹೆಚ್ಚಾದರೂ ಕರುಳಿನ ಊರು ಬದಲಾಗುತ್ತದೆ. ಸಣ್ಣ ಪುಟ್ಟದ್ದಕ್ಕೆಲ್ಲ ಆಂಟಿಬಯಾಟಿಕ್ ಗುಳಿಗೆ ನುಂಗಿದರೆ ಕೆಟ್ಟ ಕ್ರಿಮಿಗಳ ಜೊತೆ ಒಳ್ಳೆಯವೂ ಸಾಯುತ್ತವೆ. ಬೀಡಿ ಸಿಗರೇಟು ಕ್ರೋನ್ಸ್ ಕಾಯಿಲೆಯನ್ನು ಹೆಚ್ಚು ಮಾಡುತ್ತದೆ.

ಇದು ಅಂಟುರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಮಗುವಿಗೆ ಮುತ್ತಿಟ್ಟರೂ ಬರುವುದಿಲ್ಲ. ಮಾಟ ಮಂತ್ರದಿಂದಲೂ ಬರುವುದಿಲ್ಲ. ರೋಗಿಯನ್ನು ದೂರ ಇಡಬೇಡಿ.

ರಕ್ತ ಹೋದರೆಲ್ಲ ಇದೇ ರೋಗವೇ?

ಅಲ್ಲ. ಆಮಶಂಕೆಯಲ್ಲೂ ರಕ್ತ ಹೋಗುತ್ತದೆ. ಮೂಲವ್ಯಾಧಿಯಲ್ಲೂ ಹೋಗುತ್ತದೆ. ಕರುಳಿಗೆ ಕ್ಷಯ ಬಂದರೂ ಹೀಗೇ ಕಾಣುತ್ತದೆ. ಕ್ಷಯಕ್ಕೂ ಕ್ರೋನ್ಸ್ ಕಾಯಿಲೆಗೂ ವ್ಯತ್ಯಾಸ ಕಂಡುಹಿಡಿಯುವುದು ಡಾಕ್ಟರಿಗೂ ಕಷ್ಟ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಅಪಾಯ. ಅದಕ್ಕೇ ಪರೀಕ್ಷೆ ಮಾಡಿಸಲೇಬೇಕು. ಊಹೆ ಮಾಡಿ ಮದ್ದು ತಿನ್ನಬಾರದು.

ಮದ್ದು ಉಂಟು

ಗಿರಿಜಮ್ಮನಿಗೆ ಡಾಕ್ಟರಮ್ಮ ಮೆಸಲಮೈನ್ ಎಂಬ ಗುಳಿಗೆ ಕೊಟ್ಟರು. ಕೆರಳಿದ ಕರುಳನ್ನು ಅದು ತಣಿಸುತ್ತದೆ. ಸ್ವಲ್ಪ ದಿನ ಸ್ಟೀರಾಯ್ಡ್ ಗುಳಿಗೆಯನ್ನೂ ಕೊಟ್ಟರು. ರಕ್ತ ಕಡಿಮೆ ಇದ್ದುದರಿಂದ ಕಬ್ಬಿಣದ ಅಂಶದ ಮದ್ದು ಕೊಟ್ಟರು. ಒಂದು ತಿಂಗಳಲ್ಲಿ ರಕ್ತ ಹೋಗುವುದು ನಿಂತಿತು. ಹಸಿವಾಯಿತು. ಕೂಲಿಗೂ ಹೋದಳು.

ಆಗ ಗಿರಿಜಮ್ಮ ಒಂದು ತಪ್ಪು ಮಾಡಿದಳು. "ಗುಣ ಆಯ್ತಲ್ಲ, ಇನ್ಯಾಕೆ ಗುಳಿಗೆ? ದುಡ್ಡು ದಂಡ" ಅಂತ ಬಿಟ್ಟುಬಿಟ್ಟಳು. ಎರಡು ತಿಂಗಳು ಚೆನ್ನಾಗಿದ್ದಳು. ಆಮೇಲೆ ರೋಗ ಮೊದಲಿಗಿಂತ ಜೋರಾಗಿ ಬಂತು. ಎಂಟು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಕೂಲಿಯೂ ಹೋಯಿತು, ಸಾಲವೂ ಆಯಿತು.

"ಬೆಂಕಿ ಆರಿದ ಹಾಗೆ ಕಂಡ್ರೂ ಬೂದಿ ಒಳಗೆ ಕೆಂಡ ಇರತ್ತೆ ಕಣಮ್ಮ" ಅಂದರು ಡಾಕ್ಟರಮ್ಮ. "ಸಕ್ಕರೆ ಕಾಯಿಲೆಯವರು ದಿನಾ ಗುಳಿಗೆ ತಗೊಳ್ಳಲ್ವಾ? ಇದೂ ಹಾಗೇ. ಪೂರ್ತಿ ಬೇರು ಕೀಳೋಕೆ ಆಗಲ್ಲ. ಮದ್ದು ತಗೊಂಡ್ರೆ ವರ್ಷಗಟ್ಟಲೆ ಸುಮ್ಮನೆ ಮಲಗಿರತ್ತೆ."

ಸ್ಟೀರಾಯ್ಡ್ ಗುಳಿಗೆಯನ್ನು ಥಟ್ಟನೆ ನಿಲ್ಲಿಸಬಾರದು. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಮೈಕೈ ನೋವಿಗೆಂದು ಅಂಗಡಿ ಗುಳಿಗೆ ನುಂಗಬೇಡಿ. ಕೆಲವು ನೋವಿನ ಗುಳಿಗೆಗಳು ಈ ರೋಗವನ್ನು ಕೆರಳಿಸುತ್ತವೆ. ಬಸುರಿಯಾದರೂ ಮದ್ದು ಬಿಡಬೇಡಿ. ಮೊದಲು ಡಾಕ್ಟರನ್ನು ಕೇಳಿ. ರೋಗ ತಣ್ಣಗಿದ್ದಾಗ ಬಸುರಿಯಾದರೆ ತಾಯಿ ಮಗು ಇಬ್ಬರಿಗೂ ಒಳ್ಳೆಯದು.

ರೋಗ ಬಂದು ಎಂಟು ವರ್ಷ ಆಗುವ ಹೊತ್ತಿಗೆ ಮತ್ತೆ ಕೊಳವೆ ಪರೀಕ್ಷೆ ಮಾಡಿಸಬೇಕು. ಬಹಳ ವರ್ಷದ ಹುಣ್ಣು ಕೆಲವರಲ್ಲಿ ಕ್ಯಾನ್ಸರ್ ಆಗಬಹುದು. ಬೇಗ ಕಂಡರೆ ಉಳಿಸಬಹುದು.

ಊಟ ಹೇಗಿರಬೇಕು?

ಊಟ ಬಿಟ್ಟರೆ ರೋಗ ಹೋಗುವುದಿಲ್ಲ. ಶಕ್ತಿ ಹೋಗುತ್ತದೆ. ಇದನ್ನು ಮರೆಯಬೇಡಿ.

ರೋಗ ಕೆರಳಿದಾಗ ಮೆತ್ತಗಿನ ಊಟ ಮಾಡಿ. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ, ಇಡ್ಲಿ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ, ಬಾಳೆಹಣ್ಣು. ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ಮೀನು. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ತಿನ್ನಿ. ಹಸಿ ತರಕಾರಿ, ಗಟ್ಟಿ ಕಾಳು, ಬಹಳ ಖಾರ ಆಗ ಬೇಡ. ಖಾರದಿಂದ ಈ ರೋಗ ಬರುವುದಿಲ್ಲ. ಆದರೆ ಹುಣ್ಣಿದ್ದಾಗ ಉರಿ ಹೆಚ್ಚಬಹುದು. ಭೇದಿ ಜಾಸ್ತಿಯಾದರೆ ಓಆರ್‌ಎಸ್ ನೀರು ಕುಡಿಯಿರಿ.

ರೋಗ ತಣ್ಣಗಾದ ಮೇಲೆ ಮೆಲ್ಲಮೆಲ್ಲಗೆ ನಾರಿನ ಊಟಕ್ಕೆ ಮರಳಿ. ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಬೇಯಿಸಿದ ಕಾಳು. ಇದು ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಹಬ್ಬದ ಊಟ. ಕ್ರೋನ್ಸ್ ಕಾಯಿಲೆಯಲ್ಲಿ ಕೆಲವರ ಕರುಳು ಕಿರಿದಾಗಿರುತ್ತದೆ. ಅಂಥವರಿಗೆ ನಾರು ಸಿಕ್ಕಿಕೊಳ್ಳಬಹುದು. ಅವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಮೊಸರು ಮಜ್ಜಿಗೆ ಒಗ್ಗಿದರೆ ತಿನ್ನಿ. ಒಳ್ಳೆಯದೇ. ಆದರೆ ಮೊಸರೊಂದೇ ಈ ಹುಣ್ಣನ್ನು ವಾಸಿ ಮಾಡದು. ಊಟ ಮದ್ದಿಗೆ ಜೊತೆಗಾರ. ಮದ್ದಿನ ಬದಲು ಅಲ್ಲ.

ದೆಹಲಿಯ ಏಮ್ಸ್ ಆಸ್ಪತ್ರೆಯ ಡಾಕ್ಟರುಗಳು ಒಂದು ಹೊಸ ದಾರಿ ಹುಡುಕಿದ್ದಾರೆ. ಹಳ್ಳಿಯ ಆರೋಗ್ಯವಂತ ಜನರ ಮಲವನ್ನು ಪರೀಕ್ಷೆ ಮಾಡಿ, ಅದರಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಳವೆಯಿಂದ ರೋಗಿಗಳ ಕರುಳಿಗೆ ಬಿಟ್ಟರು. ಜೊತೆಗೆ ಪಥ್ಯದ ಊಟ ಕೊಟ್ಟರು. ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಸುಧಾರಿಸಿದರು. ಇದು 2022ರಲ್ಲಿ ಪ್ರಕಟವಾಯಿತು. ಆ ಪರೀಕ್ಷೆಯಲ್ಲಿ ಇದ್ದವರು 66 ರೋಗಿಗಳು. ರೋಗ ಬಹಳ ಜೋರಾಗಿ ಇರದವರು. ಇದು ಇನ್ನೂ ಎಲ್ಲ ಕಡೆ ಸಿಗುವ ಚಿಕಿತ್ಸೆ ಅಲ್ಲ. ಮನೆಯಲ್ಲಿ ಖಂಡಿತ ಮಾಡುವಂಥದ್ದಲ್ಲ. ಆದರೂ ಒಂದು ಮಾತು ತಿಳಿಯಿತು. ಕರುಳಿನ ಊರು ಸರಿಯಾದರೆ ಹುಣ್ಣು ಮಾಯಲು ಸಹಾಯ ಆಗುತ್ತದೆ.

ಈಗ ಗಿರಿಜಮ್ಮ

ಗಿರಿಜಮ್ಮ ಈಗ ದಿನಾ ಗುಳಿಗೆ ನುಂಗುತ್ತಾಳೆ. ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾಳೆ. ಅಕ್ಷರ ಕಲಿತದ್ದು ಸಾರ್ಥಕವಾಯಿತು. ಗುಳಿಗೆಯ ಹೆಸರನ್ನು ತಾನೇ ಓದುತ್ತಾಳೆ.

ಮೊನ್ನೆ ನೀರಿನ ನಲ್ಲಿ ಹತ್ತಿರ ಪಕ್ಕದ ಮನೆ ಹುಡುಗಿ ಮಂಕಾಗಿ ನಿಂತಿದ್ದಳು. "ಹೊಟ್ಟೆ ಸರಿಯಿಲ್ಲ ಅಕ್ಕ, ಹೇಳೋಕೆ ನಾಚಿಕೆ" ಅಂದಳು.

ಗಿರಿಜಮ್ಮ ಕೊಡ ಕೆಳಗಿಟ್ಟಳು. "ನಾನೂ ಹೀಗೇ ಮುಚ್ಚಿಟ್ಟಿದ್ದೆ ಕಣವ್ವ. ಹೇಳು, ರಕ್ತ ಹೋಗ್ತಿದ್ಯಾ?" ಎಂದು ಕೇಳಿದಳು.

ನೆನಪಿಡಿ

ಎರಡು ವಾರಕ್ಕಿಂತ ಹೆಚ್ಚು ದಿನ ಭೇದಿ ಇದ್ದರೆ ಆಸ್ಪತ್ರೆಗೆ ಹೋಗಿ.
ಮಲದಲ್ಲಿ ರಕ್ತ ಕಂಡರೆ ಒಂದು ದಿನವೂ ಮುಚ್ಚಿಡಬೇಡಿ.
ಜ್ವರ, ಜೋರು ಹೊಟ್ಟೆನೋವು, ಹೊಟ್ಟೆ ಉಬ್ಬರ ಕೂಡ ಇದ್ದರೆ ಆಗಲೇ ಹೊರಡಿ.
ಗುಣವಾದಂತೆ ಕಂಡರೂ ಡಾಕ್ಟರನ್ನು ಕೇಳದೆ ಮದ್ದು ಬಿಡಬೇಡಿ.
ಊಟ ಬಿಡಬೇಡಿ.

ಮಾತಾಡೋಣ

ಗಿರಿಜಮ್ಮ ಮೂರು ತಿಂಗಳು ಯಾಕೆ ಸುಮ್ಮನಿದ್ದಳು?
ಅವಳು ಗುಳಿಗೆ ಬಿಟ್ಟಾಗ ಏನಾಯಿತು?
ನಿಮ್ಮ ಮನೆಯ ಊಟದಲ್ಲಿ ನಾರು ಇರುವ ಪದಾರ್ಥ ಯಾವುವು? ಬರೆಯಿರಿ.