ಬೀದರ್‌ನಿಂದ ಹೊರಡುವ ಇಂಗ್ಲಿಷ್ ಪತ್ರ

ಬೀದರ್‌ನ ಬಿದ್ರಿ ಕುಶಲಕರ್ಮಿಯೊಬ್ಬರಿಗೆ ಹೊರದೇಶದಿಂದ ಇ-ಮೇಲ್ ಬಂದಿದೆ ಎಂದುಕೊಳ್ಳಿ. 50 ಹೂದಾನಿ ಬೇಕು. ಬೆಲೆ ಎಷ್ಟು, ಯಾವಾಗ ಸಿಗುತ್ತದೆ, ಲೋಹ ಯಾವುದು? ನಮ್ಮ ಕಡೆಯಿಂದ ಹೋಗುವ ಉತ್ತರ ಬಹಳ ಸಲ 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರುವಾಗಿ, ಕಲೆಯ ಹಿರಿಮೆಯನ್ನು ಎರಡು ಪ್ಯಾರಾ ಹೇಳಿ, 'ಕೈಂಡ್ಲಿ ಡು ದಿ ನೀಡ್‌ಫುಲ್' ಎಂದು ಮುಗಿಯುತ್ತದೆ. ಮರ್ಯಾದೆ ತುಂಬಿದೆ, ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ಓದುವವರಿಗೆ ಇದು ಸೌಜನ್ಯವಾಗಿ ಕಾಣುವುದಿಲ್ಲ; ಅವರು ಮತ್ತೊಂದು ಪತ್ರ ಬರೆಯಬೇಕಾಗುತ್ತದೆ.

ವ್ಯವಹಾರದ ಇಂಗ್ಲಿಷ್ ಪತ್ರ ಸಹಕಾರ ಮತ್ತು ಸೌಜನ್ಯ ಎಂಬ ಎರಡು ತತ್ವಗಳ ಮೇಲೆ ನಿಂತಿದೆ. ಸಹಕಾರವನ್ನು ಬಿಡಿಸಿ ಹೇಳಿದವರು ತತ್ವಜ್ಞಾನಿ ಪಾಲ್ ಗ್ರೈಸ್. 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ. ಬೇಕಾದಷ್ಟು ಹೇಳಿ, ನಿಜ ಹೇಳಿ, ಸಂಬಂಧಪಟ್ಟದ್ದನ್ನು ಹೇಳಿ, ಸ್ಪಷ್ಟವಾಗಿ ಹೇಳಿ ಎಂಬುದು ಅದರ ತಿರುಳು. ಕೇಳಲು ಸರಳ. ಆದರೆ ಗ್ರೈಸ್ ತೋರಿಸಿಕೊಟ್ಟ ಮುಖ್ಯ ಸಂಗತಿ ಬೇರೆ: ಎದುರಿನವರು ಈ ನಾಲ್ಕನ್ನೂ ಪಾಲಿಸುತ್ತಿದ್ದಾರೆ ಎಂದು ನಂಬಿಯೇ ನಾವು ಓದುತ್ತೇವೆ. ಹಾಗಾಗಿ ಬರೆಯದೇ ಬಿಟ್ಟದ್ದಕ್ಕೂ ಅರ್ಥ ಹುಟ್ಟುತ್ತದೆ. ಔರಾದ್‌ನ ಅಡತ್ ಅಂಗಡಿಯಿಂದ ಹೈದರಾಬಾದಿನ ದಾಲ್ ಮಿಲ್ಲಿಗೆ '200 ಚೀಲ ತೊಗರಿ ಸಿದ್ಧ' ಎಂದಷ್ಟೇ ಹೋದರೆ, ಮಾಲು ಒಣಗಿದೆ, ಸ್ವಚ್ಛವಾಗಿದೆ, ಲಾರಿ ಬಾಡಿಗೆ ದರದಲ್ಲೇ ಸೇರಿದೆ ಎಂದು ಅವರು ತಿಳಿದುಕೊಂಡರೆ ತಪ್ಪಲ್ಲ. ಚೀಲದ ತೂಕ, ತೇವಾಂಶ, ಬಾಡಿಗೆ ಯಾರದು ಎಂಬ ಮೂರು ಸಾಲು ಆಮೇಲಿನ ಜಗಳವನ್ನು ತಪ್ಪಿಸುತ್ತವೆ.

'ನಿಜ ಹೇಳಿ' ಎಂಬುದು ಬಿದ್ರಿಗೆ ನೇರವಾಗಿ ತಟ್ಟುತ್ತದೆ. ಬಿದ್ರಿಯ ಒಡಲು ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲೂ ಸತುವೇ ಹೆಚ್ಚು. ಬೆಳ್ಳಿ ಇರುವುದು ಮೇಲಿನ ಕುಸುರಿಯಲ್ಲಿ. ಬೀದರ್ ಕೋಟೆಯ ಮಣ್ಣು ಬಳಸಿ ಒಡಲಿಗೆ ಕಪ್ಪು ಬರಿಸುತ್ತಾರೆ. ಇದನ್ನು 'ಸಿಲ್ವರ್ ವಾಸ್' ಎಂದು ಬರೆದರೆ ಗಿರಾಕಿ ಒಮ್ಮೆ ಕೊಳ್ಳಬಹುದು, ಮತ್ತೆ ಬರಲಾರ.

ಪತ್ರದ ನಂಬಿಕೆ ಎಂಥದ್ದೆಂಬುದನ್ನು ಈ ಊರು ಬಹಳ ಹಿಂದೆಯೇ ಕಂಡಿದೆ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಪತ್ರಲೇಖನದ ಕಲೆಯ ಮೇಲೆಯೇ ಪಾರಸಿಯಲ್ಲಿ 'ಮನಾಜಿರ್-ಉಲ್-ಇನ್ಶಾ' ಎಂಬ ಗ್ರಂಥ ಬರೆದಿದ್ದ. ವಿರೋಧಿಗಳು ಅವನ ಮೊಹರು ಬಿದ್ದ ಖಾಲಿ ಹಾಳೆಯ ಮೇಲೆ ರಾಜದ್ರೋಹದ ಪತ್ರ ಸೃಷ್ಟಿಸಿದರು. ಅದನ್ನು ನಂಬಿದ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ. ಸಹಿ ಮಾಡಿದ ಖಾಲಿ ಲೆಟರ್‌ಹೆಡ್ಡನ್ನು ಯಾರ ಕೈಗೂ ಕೊಡಬೇಡಿ.

ಇನ್ನು ಸೌಜನ್ಯ. 1983ರಲ್ಲಿ ಭಾಷಾವಿಜ್ಞಾನಿ ಜೆಫ್ರಿ ಲೀಚ್ ಇದನ್ನು ಒಂದು ತತ್ವವಾಗಿಯೇ ಮಂಡಿಸಿದರು: ಎದುರಿನವರ ಮೇಲಿನ ಹೊರೆಯನ್ನು ತಗ್ಗಿಸಿ, ಅವರ ಅನುಕೂಲವನ್ನು ಹೆಚ್ಚಿಸಿ. ನಾವು 'ಜಲ್ದಿ ಕಳಿಸ್ರಿ' ಎಂದಾಗ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಆ ಸೌಲಭ್ಯ ಇಲ್ಲ, ವಾಕ್ಯದ ಕಟ್ಟಡವೇ ಆ ಕೆಲಸ ಮಾಡಬೇಕು. ಭಾಲ್ಕಿಯ ಕೃಷಿ ಉಪಕರಣದ ಅಂಗಡಿಯಿಂದ ಪುಣೆಯ ಸರಬರಾಜುದಾರರಿಗೆ 'ಸೆಂಡ್ ಇಮಿಡಿಯೇಟ್ಲಿ' ಎಂದು ಹೋದರೆ ಅದು ಅಪ್ಪಣೆ. 'ಕುಡ್ ಯೂ ಪ್ಲೀಸ್ ಸೆಂಡ್ ದಿ ನಾಝಲ್ಸ್ ಬೈ ಫ್ರೈಡೇ?' ಎಂದರೆ ಆಗದು ಎನ್ನಲು ಅವರಿಗೆ ಜಾಗ ಸಿಗುತ್ತದೆ, ನಮ್ಮ ಶುಕ್ರವಾರವೂ ಉಳಿಯುತ್ತದೆ. ತಪ್ಪು ತೋರಿಸುವಾಗ 'ನೀವು ಬಿಲ್ ಕಳಿಸಿಲ್ಲ' ಎನ್ನುವ ಬದಲು 'ಡಬ್ಬದಲ್ಲಿ ಬಿಲ್ ಇರಲಿಲ್ಲ' ಎನ್ನಿ. ಸಂಗತಿ ಅದೇ, ಆದರೆ ಬೆರಳು ವ್ಯಕ್ತಿಯ ಕಡೆ ತಿರುಗುವುದಿಲ್ಲ. ಅವರಿಗೇ ಲಾಭವಾಗುವ ಮಾತಿಗೆ ಇಷ್ಟು ನಯ ಬೇಕಿಲ್ಲ. ರಿಯಾಯಿತಿ ಕೊಡುತ್ತಿದ್ದರೆ ನೇರವಾಗಿ ಬರೆಯಿರಿ.

ಎರಡು ತತ್ವಗಳು ಡಿಕ್ಕಿ ಹೊಡೆಯುವುದು ಕೆಟ್ಟ ಸುದ್ದಿ ತಿಳಿಸುವಾಗ. ಹೂದಾನಿಗಳು ತಡವಾಗುತ್ತವೆ ಎಂದು ಹೇಳಲು ಸಂಕೋಚ, ಹಾಗಾಗಿ 'ಶೀಘ್ರದಲ್ಲೇ ಕಳಿಸುತ್ತೇವೆ' ಎಂದು ಬರೆದುಬಿಡುತ್ತೇವೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಅಸೌಜನ್ಯ, ಏಕೆಂದರೆ ನಾವು ಮೊದಲು ಕೊಟ್ಟ ದಿನಾಂಕವನ್ನು ನಂಬಿ ಅಲ್ಲಿಯ ಅಂಗಡಿಯವರು ತಮ್ಮ ಗಿರಾಕಿಗೆ ಮಾತು ಕೊಟ್ಟಿರುತ್ತಾರೆ. 'ಕ್ಷಮಿಸಿ, 10ರಂದು ಕಳಿಸಲು ಆಗುತ್ತಿಲ್ಲ. ಪ್ರತಿ ಹೂದಾನಿಗೂ ಬೆಳ್ಳಿ ತಂತಿಯನ್ನು ಕೈಯಿಂದಲೇ ಕೂರಿಸುವುದರಿಂದ ಇನ್ನೂ ಹನ್ನೆರಡು ದಿನ ಬೇಕು. ಸಿದ್ಧವಿರುವ 30 ಹೂದಾನಿಗಳನ್ನು ಈಗಲೇ ಕಳಿಸೋಣವೇ?' ಎಂಬ ಪತ್ರದಲ್ಲಿ ಕಾರಣ, ಅವಧಿ, ಆಯ್ಕೆ ಮೂರೂ ಇವೆ. ಮಾತನ್ನು ಮೆದುಗೊಳಿಸಿ, ದಿನಾಂಕವನ್ನು ಮೆದುಗೊಳಿಸಬೇಡಿ.

ಬೀದರ್, ಭಾಲ್ಕಿ, ಔರಾದ್‌ಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವವರಲ್ಲಿ ಒಂದು ಕೋರಿಕೆ: ರಜೆಯ ಅರ್ಜಿ ಬರೆಸಿದ ಮೇಲೆ, ತಡವಾದ ಮಾಲಿನ ಬಗ್ಗೆ ಖರೀದಿದಾರರಿಗೆ ಒಂದು ಪತ್ರವನ್ನೂ ಮಕ್ಕಳಿಂದ ಬರೆಸಿ.